ಬೆಂಕಿಕಡ್ಡಿ ಹುಡುಗಿಯರನ್ನು ಹುಡುಕಿಕೊಂಡು ಐದು ದಿನ

ಮೊದಲ ದಿನ: ರಸ್ತೆಯ ನಡುವಿನ ಪ್ರತಿಮೆ

ಮಗಳ ಮನೆ ಲಂಡನ್ನಿನ ಪೂರ್ವ ಭಾಗದ ಸ್ಟ್ರ್ಯಾಟ್‌ಫರ್ಡ್‌ನಲ್ಲಿದೆ. ಬಂದ ಮರುದಿನ ಬೆಳಗ್ಗೆ ಕಾಫಿ ಕುಡಿಯುತ್ತಾ, "ಅಮ್ಮಾ, ಮೊದಲು ಏನು ನೋಡುತ್ತೀಯ? ಅರಮನೆಯೋ, ಥೇಮ್ಸ್ ನದಿಯೋ?" ಎಂದು ಕೇಳಿದಳು. "ಬೋ ನೋಡಬೇಕು" ಎಂದೆ. ಅವಳು ಕೆಲಸಕ್ಕೆ ಹೋಗುವಾಗ ದಿನವೂ ಬಸ್ಸಿನ ಕಿಟಕಿಯಿಂದ ಕಾಣುವ ಜಾಗ ಅದು. ಅಲ್ಲಿ ನೋಡುವಂಥದ್ದು ಏನಿದೆ ಎಂದು ಅವಳಿಗೆ ಆಶ್ಚರ್ಯ.

ನನ್ನ ತಂದೆ ಓದಿದ್ದು ಬಸವನಗುಡಿಯ ನ್ಯಾಷನಲ್ ಹೈಸ್ಕೂಲಿನಲ್ಲಿ. 1917ರಲ್ಲಿ ಇಂಗ್ಲೆಂಡಿನಿಂದ ಬಂದು ನೆಲೆಸಿದ್ದ ಆನಿ ಬೆಸೆಂಟರ ಪ್ರೇರಣೆಯಿಂದ ಹುಟ್ಟಿದ ಶಾಲೆ ಅದು. ಆಕೆಯ ಹೆಸರು ಹೇಳುವಾಗಲೆಲ್ಲ ಅಪ್ಪ ಬೆನ್ನು ನೆಟ್ಟಗೆ ಮಾಡಿಕೊಂಡು ಕೂರುತ್ತಿದ್ದರು. ಮುಂದೆ ನಾನೂ ಇತಿಹಾಸದ ಮೇಷ್ಟರಾಗಿ ಮೂವತ್ತು ವರ್ಷ, ಭಾರತದ ಸ್ವಯಮಾಡಳಿತಕ್ಕಾಗಿ ಆಕೆ ನಡೆಸಿದ ಹೋಂ ರೂಲ್ ಚಳವಳಿಯ ಪಾಠ ಮಾಡಿದೆ. ಬೆಸೆಂಟ್ ಭಾರತಕ್ಕೆ ಬಂದದ್ದು 1893ರಲ್ಲಿ, ನಾಲ್ವತ್ತಾರನೆಯ ವಯಸ್ಸಿನಲ್ಲಿ. ಅದಕ್ಕೂ ಮೊದಲು ಆಕೆ ಏನು ಮಾಡುತ್ತಿದ್ದರು ಎಂದು ಯಾವ ವಿದ್ಯಾರ್ಥಿಯೂ ನನ್ನನ್ನು ಕೇಳಲಿಲ್ಲ, ನಾನೂ ಹೇಳಲಿಲ್ಲ. ನಿವೃತ್ತಿಯ ನಂತರ ಓದಿದಾಗ ಸಿಕ್ಕದ್ದು ಈ ಬೋ ಮತ್ತು 1888ರ ಜುಲೈ ತಿಂಗಳು. ಬೆಂಕಿಕಡ್ಡಿ ಕಾರ್ಖಾನೆಯ ಸುಮಾರು 1,400 ಹೆಂಗಸರು ಮತ್ತು ಹುಡುಗಿಯರು ಆ ತಿಂಗಳು ಕೆಲಸ ಬಿಟ್ಟು ಬೀದಿಗೆ ಬಂದಿದ್ದರು.

25ನೇ ಸಂಖ್ಯೆಯ ಕೆಂಪು ಬಸ್ ಹತ್ತಿ ಬೋ ಚರ್ಚಿನ ಬಳಿ ಇಳಿದೆವು. ಹಳೆಯ ಕಲ್ಲಿನ ಚರ್ಚು ಅಗಲ ರಸ್ತೆಯ ನಟ್ಟನಡುವೆ ದ್ವೀಪದಂತೆ ನಿಂತಿದೆ, ಎರಡೂ ಬದಿಗೆ ಲಾರಿ ಬಸ್ಸುಗಳ ಹೊಳೆ. ಚರ್ಚಿನ ಮುಂದೆ ಎತ್ತರದ ಪೀಠದ ಮೇಲೆ ಪ್ರಧಾನಮಂತ್ರಿ ವಿಲಿಯಂ ಗ್ಲ್ಯಾಡ್‌ಸ್ಟನ್ ಒಂದು ಕೈ ಮುಂದೆ ಚಾಚಿ ನಿಂತಿದ್ದಾನೆ. ಅವನ ಕೈಗಳಿಗೆ ಕೆಂಪು ಬಣ್ಣ ಬಳಿದಿದೆ.

ಮಗಳು ರಸ್ತೆ ದಾಟುವುದನ್ನೇ ಮರೆತು ನಿಂತಳು. "ಇಷ್ಟು ವರ್ಷದಿಂದ ನೋಡುತ್ತಿದ್ದೇನೆ, ಯಾರೋ ಪುಂಡರ ಕೆಲಸ ಎಂದುಕೊಂಡಿದ್ದೆ" ಎಂದಳು.

ಈ ಪ್ರತಿಮೆಯನ್ನು 1882ರಲ್ಲಿ ನಿಲ್ಲಿಸಿದವನು ಬ್ರಯಾಂಟ್ ಅಂಡ್ ಮೇ ಬೆಂಕಿಕಡ್ಡಿ ಕಾರ್ಖಾನೆಯ ಮಾಲೀಕರಲ್ಲಿ ಒಬ್ಬನಾದ ಥಿಯೊಡೋರ್ ಬ್ರಯಾಂಟ್. ಗ್ಲ್ಯಾಡ್‌ಸ್ಟನ್ ಆಗ ಬದುಕಿದ್ದ, ಅಧಿಕಾರದಲ್ಲೇ ಇದ್ದ. ಪ್ರತಿಮೆಗಾಗಿ ಕೆಲಸದ ಹುಡುಗಿಯರ ಕೂಲಿಯಿಂದ ತಲಾ ಒಂದು ಷಿಲಿಂಗ್ ಮುರಿದುಕೊಂಡರು, ಅನಾವರಣದ ದಿನ ಅರ್ಧ ದಿನ ಕಾರ್ಖಾನೆ ಮುಚ್ಚಿ ಆ ರಜೆಯ ಕೂಲಿಯನ್ನೂ ಕೊಡಲಿಲ್ಲ ಎಂದು ಆರು ವರ್ಷಗಳ ನಂತರ ಬೆಸೆಂಟ್ ಬರೆದರು. ಹುಡುಗಿಯರು ಜೇಬಿನಲ್ಲಿ ಕಲ್ಲು, ಇಟ್ಟಿಗೆಚೂರು ತುಂಬಿಕೊಂಡು ಸಮಾರಂಭಕ್ಕೆ ಬಂದರಂತೆ. ಪ್ರತಿಮೆಯನ್ನು ಸುತ್ತುವರಿದು, ಇದಕ್ಕೆ ದುಡ್ಡು ಕೊಟ್ಟವರು ನಾವು ಎಂದು ಕೂಗಿದರಂತೆ. ಕೆಲವರು ತಮ್ಮ ತೋಳನ್ನೇ ಕೊಯ್ದುಕೊಂಡು ಅಮೃತಶಿಲೆಯ ಮೇಲೆ ರಕ್ತ ಸುರಿಸಿದರು ಎಂಬ ಮಾತೂ ಆ ಬರಹದಲ್ಲಿದೆ.

ನಾನು ಪೀಠದ ಸುತ್ತ ಎರಡು ಬಾರಿ ಬಂದೆ. ಪ್ರತಿಮೆ ಅಮೃತಶಿಲೆಯದ್ದಲ್ಲ, ಕಂಚಿನದು. ರಕ್ತದ ಕಥೆಯನ್ನು ಬೆಸೆಂಟ್ ಕೂಡ ಜನ ಹೇಳುವ ಕಥೆ ಎಂದೇ ಬರೆದಿದ್ದಾರೆ, ಕಣ್ಣಾರೆ ಕಂಡದ್ದು ಎಂದಲ್ಲ. ಇಷ್ಟು ವರ್ಷ ಪಾಠ ಮಾಡಿದವಳಿಗೆ ಈ ವ್ಯತ್ಯಾಸ ಕಾಣದೆ ಇರುವುದಿಲ್ಲ. ಆದರೆ ಕೂಲಿಯಿಂದ ಹೋದ ಒಂದು ಷಿಲಿಂಗಿನ ಸಿಟ್ಟು ಆರು ವರ್ಷ ಆರದೆ ಉಳಿದಿತ್ತಲ್ಲ, ಅದು ನನಗೆ ರಕ್ತದ ಕಥೆಗಿಂತ ದೊಡ್ಡದಾಗಿ ಕಂಡಿತು. ಕೆಂಪು ಬಣ್ಣವನ್ನು ತೊಳೆದರೂ ಯಾರೋ ಮತ್ತೆ ಬಂದು ಬಳಿಯುತ್ತಾರೆ.

ಇದೇ ರಸ್ತೆಯಲ್ಲಿ ಇನ್ನೊಂದು ಸ್ಮಾರಕವೂ ಇತ್ತು. 1871ರಲ್ಲಿ ಸರ್ಕಾರ ಬೆಂಕಿಪೊಟ್ಟಣದ ಮೇಲೆ ತೆರಿಗೆ ಹಾಕಲು ಹೊರಟಾಗ ಇದೇ ಕಡ್ಡಿ ಕೆಲಸಗಾರರು ಸಂಸತ್ತಿನವರೆಗೆ ಮೆರವಣಿಗೆ ಹೋಗಿದ್ದರು. ತೆರಿಗೆ ರದ್ದಾಯಿತು, ಅದರ ನೆನಪಿಗೆ ಕಂಪನಿ ಮರುವರ್ಷ ಒಂದು ಕಾರಂಜಿ ಕಟ್ಟಿಸಿತು. ಆ ಮೆರವಣಿಗೆಯಿಂದ ಮಾಲೀಕರಿಗೂ ಲಾಭವಿತ್ತು. ಕಾರಂಜಿ ಈಗ ಇಲ್ಲ.

ಎರಡನೆಯ ದಿನ: ಫೇರ್‌ಫೀಲ್ಡ್ ರಸ್ತೆ

ಮಗಳು ಕೆಲಸಕ್ಕೆ ಹೋದಳು, ನಾನು ಒಬ್ಬಳೇ ಹೊರಟೆ. ಬೋ ಚರ್ಚಿನಿಂದ ಫೇರ್‌ಫೀಲ್ಡ್ ರಸ್ತೆಗೆ ತಿರುಗಿ, ರೈಲು ಸೇತುವೆಯ ಕಡೆಗೆ ಸ್ವಲ್ಪ ನಡೆದರೆ ಕೆಂಪು ಇಟ್ಟಿಗೆಯ ದೊಡ್ಡ ಕಟ್ಟಡಗಳು ಕಾಣುತ್ತವೆ. ಕಾರ್ಖಾನೆ 1979ರಲ್ಲಿ ಮುಚ್ಚಿತು, ಈಗ ಅದು ಬೋ ಕ್ವಾರ್ಟರ್ ಎಂಬ ವಸತಿ ಸಮುಚ್ಚಯ. ಕಾವಲಿರುವ ಗೇಟು, ಒಳಗೆ ಹುಲ್ಲುಹಾಸು, ಕಿಟಕಿಗಳಲ್ಲಿ ಹೂಕುಂಡ. ಇಂದು ಕಾಣುವ ಮುಖ್ಯ ಕಟ್ಟಡ ಮುಷ್ಕರದ ನಂತರ, 20ನೇ ಶತಮಾನದ ಆರಂಭದಲ್ಲಿ ಮತ್ತೆ ಕಟ್ಟಿದ್ದು. ಆದರೂ ಹುಡುಗಿಯರು ಬೆಳಗ್ಗೆ ಆರೂವರೆಗೆ ಓಡೋಡಿ ಬರುತ್ತಿದ್ದ ರಸ್ತೆ ಇದೇ. ಹೊರಗೋಡೆಯ ಮೇಲೆ 2022ರಲ್ಲಿ ಹಾಕಿದ ಗುಂಡನೆಯ ನೀಲಿ ಫಲಕ ಬೆಂಕಿಕಡ್ಡಿ ಹುಡುಗಿಯರ ಮುಷ್ಕರ ಇಲ್ಲಿ ನಡೆಯಿತು ಎಂದು ಹೇಳುತ್ತದೆ. ಈ ಮಾತು ನಗರದ ಗೋಡೆಗೆ ನೀಲಿ ಫಲಕವಾಗಿ ಏರಲು 134 ವರ್ಷ ಬೇಕಾಯಿತು.

ಎದುರು ಬದಿಯ ಮೋಟುಗೋಡೆಯ ಮೇಲೆ ಕುಳಿತು ಚೀಲದಿಂದ ಹಾಳೆಗಳನ್ನು ತೆಗೆದೆ. 1888ರ ಜೂನ್ 23ರಂದು 'ದಿ ಲಿಂಕ್' ಎಂಬ ಅರ್ಧ ಪೆನ್ನಿಯ ವಾರಪತ್ರಿಕೆಯಲ್ಲಿ ಬೆಸೆಂಟ್ ಬರೆದ ಲೇಖನದ ಪ್ರತಿ ಅದು. 'ಲಂಡನ್ನಿನಲ್ಲಿ ಬಿಳಿಯರ ಗುಲಾಮಗಿರಿ' ಎಂಬುದು ಅದರ ತಲೆಬರಹ. ಬ್ರಯಾಂಟ್ ಕಂಪನಿ ಷೇರುದಾರರಿಗೆ ಶೇ. 23 ಲಾಭಾಂಶ ಹಂಚುತ್ತಿದೆ ಎಂದು ಸಮಾಜವಾದಿಗಳ ಸಭೆಯೊಂದರಲ್ಲಿ ಕೇಳಿದ ಬೆಸೆಂಟ್, ಗೆಳೆಯ ಹರ್ಬರ್ಟ್ ಬರೋಸ್ ಜೊತೆ ಈ ಗೇಟಿನ ಹೊರಗೆ ನಿಂತು ಹುಡುಗಿಯರನ್ನು ಮಾತನಾಡಿಸಿದ್ದರು.

ಬೇಸಿಗೆಯಲ್ಲಿ ಕೆಲಸ ಬೆಳಗ್ಗೆ ಆರೂವರೆಗೆ ಆರಂಭ, ಚಳಿಗಾಲದಲ್ಲಿ ಎಂಟಕ್ಕೆ. ಮುಗಿಯುವುದು ಸಂಜೆ ಆರಕ್ಕೆ. ನಡುವೆ ತಿಂಡಿಗೆ ಅರ್ಧ ಗಂಟೆ, ಊಟಕ್ಕೆ ಒಂದು ಗಂಟೆ. ದಿನವಿಡೀ ನಿಂತೇ ಕೆಲಸ. ಹದಿನಾರರ ಒಬ್ಬ ಹುಡುಗಿಗೆ ವಾರಕ್ಕೆ ನಾಲ್ಕು ಷಿಲಿಂಗ್ ಕೂಲಿ. ಅದರಿಂದ ದಂಡ ಮುರಿದುಕೊಳ್ಳುತ್ತಿದ್ದರು. ಕಾಲು ಕೊಳೆಯಾಗಿದ್ದರೆ, ಬೆಂಚಿನ ಕೆಳಗೆ ಕಸ ಬಿದ್ದಿದ್ದರೆ ಮೂರು ಪೆನ್ಸ್. ಸುಟ್ಟ ಕಡ್ಡಿ ಬೆಂಚಿನ ಮೇಲಿದ್ದರೆ ಒಂದು ಷಿಲಿಂಗ್, ಅಂದರೆ ಹನ್ನೆರಡು ಪೆನ್ಸ್, ವಾರದ ಕೂಲಿಯ ಕಾಲು ಭಾಗ. ತಡವಾಗಿ ಬಂದರೆ ಅರ್ಧ ದಿನ ಹೊರಗೆ, ಐದು ಪೆನ್ಸ್ ಕಡಿತ. ಬೆರಳು ಕೊಯ್ಯುವುದನ್ನು ತಪ್ಪಿಸಿಕೊಳ್ಳಲು ಹೋಗಿ ಯಂತ್ರಕ್ಕೆ ಪಟ್ಟಿ ಸುತ್ತಿಕೊಳ್ಳಲು ಬಿಟ್ಟ ಹುಡುಗಿಗೆ ಒಂದು ಷಿಲಿಂಗ್ ದಂಡ ಹಾಕಿ, ನೀನು ಯಂತ್ರ ನೋಡಿಕೋ, ಬೆರಳಿನ ಮಾತು ಬಿಡು ಎಂದರಂತೆ. ಆ ಮಾತಿನಂತೆ ನಡೆದು ಬೆರಳು ಕಳೆದುಕೊಂಡ ಇನ್ನೊಬ್ಬಳನ್ನು ಕೇಳುವವರಿರಲಿಲ್ಲ. ಪೆಟ್ಟಿಗೆಗಳನ್ನು ತಲೆಯ ಮೇಲೆ ಹೊತ್ತು ಹೊತ್ತು ಹದಿನೈದಕ್ಕೇ ತಲೆ ಬೋಳಾದವರ ಬಗ್ಗೆ ಬೆಸೆಂಟ್ ಬರೆದಿದ್ದಾರೆ. ಷೇರುದಾರರಲ್ಲಿ ಪಾದ್ರಿಗಳೂ ಇದ್ದರು ಎಂಬುದನ್ನೂ ಬಿಟ್ಟಿಲ್ಲ.

ಈ ಲೆಕ್ಕಗಳೆಲ್ಲ ಸರಿ. ನನ್ನ ಗಂಟಲು ಕಟ್ಟಿದ್ದು ಮಾತ್ರ ಬೇರೆ ಸಾಲಿಗೆ. ಆ ನಾಲ್ಕು ಷಿಲಿಂಗಿನ ಹುಡುಗಿ ಅಕ್ಕನ ಜೊತೆ ಒಂದೇ ಕೋಣೆಯಲ್ಲಿದ್ದಳು, ಅದರ ಬಾಡಿಗೆಗೆ ಎರಡು ಷಿಲಿಂಗ್ ಹೋಗುತ್ತಿತ್ತು. ಬೆಳಗ್ಗೆಯೂ ಮಧ್ಯಾಹ್ನವೂ ಬ್ರೆಡ್ಡು, ಬೆಣ್ಣೆ, ಚಹಾ. ಆದರೆ ತಿಂಗಳಿಗೊಮ್ಮೆ ಒಂದು ಕಡೆ ಊಟಕ್ಕೆ ಹೋಗುತ್ತೇನೆ, ಅಲ್ಲಿ ಕಾಫಿ ಕೊಡುತ್ತಾರೆ, ಬ್ರೆಡ್ಡಿಗೆ ಜಾಮ್ ಕೊಡುತ್ತಾರೆ, ಬೇಕಾದಷ್ಟು ಕೊಡುತ್ತಾರೆ ಎಂದು ಕಣ್ಣರಳಿಸಿ ಹೇಳಿದಳಂತೆ. ಕಾಲಿಗೆ ಚಪ್ಪಲಿ ಇಲ್ಲದೆ ಶಾಲೆಗೆ ಬರುತ್ತಿದ್ದ, ಊಟದ ಗಂಟೆಯ ಸದ್ದಿಗೆ ಮುಖ ಅರಳುತ್ತಿದ್ದ ನನ್ನ ಎಷ್ಟೋ ಮಕ್ಕಳು ಆ ಗೋಡೆಯ ಮೇಲೆ ಕುಳಿತಾಗ ಕಣ್ಣ ಮುಂದೆ ಬಂದರು. ಅದೇ ವರ್ಷದ ಕೊನೆಗೆ ಬೆಸೆಂಟ್ ಈ ಭಾಗದಿಂದಲೇ ಲಂಡನ್ ಶಾಲಾ ಮಂಡಳಿಗೆ ಚುನಾವಣೆಯಲ್ಲಿ ಗೆದ್ದು, ಹಸಿದ ಮಕ್ಕಳಿಗೆ ಶಾಲೆಯಲ್ಲೇ ಊಟ ಕೊಡಬೇಕೆಂದು ಹೋರಾಡಿದರು. ಅದು ಎಲ್ಲಿಂದ ಹುಟ್ಟಿತು ಎಂದು ಊಹಿಸುವುದು ಕಷ್ಟವಲ್ಲ.

ಎಲ್ಲಕ್ಕಿಂತ ಕೆಟ್ಟದ್ದು ರಂಜಕ. ಎಲ್ಲಿ ಉಜ್ಜಿದರೂ ಹೊತ್ತಿಕೊಳ್ಳುವ ಅಗ್ಗದ ಕಡ್ಡಿಯ ತುದಿಗೆ ಬಿಳಿ ರಂಜಕ ಬೇಕು. ಅದರ ಆವಿ ಕೆಲಸಗಾರರ ಬಾಯಿಗೆ ಹೋಗುತ್ತದೆ, ಕೆಲಸದ ಬೆಂಚಿನಲ್ಲೇ ಊಟ ಬಿಚ್ಚಿದರೆ ಬ್ರೆಡ್ಡಿನ ಜೊತೆ ಹೊಟ್ಟೆಗೂ ಹೋಗುತ್ತದೆ. ಮೊದಲು ಹಲ್ಲುನೋವು, ಆಮೇಲೆ ಒಸಡು ಕೀವುಗಟ್ಟುವುದು, ಕೊನೆಗೆ ದವಡೆಯ ಮೂಳೆಯೇ ಸತ್ತು ಕೊಳೆಯುವುದು. ಒಬ್ಬರ ಪಕ್ಕ ಒಬ್ಬರು ಕೂರಲಾರದಷ್ಟು ದುರ್ವಾಸನೆ. ಬದುಕಬೇಕಾದರೆ ದವಡೆಯನ್ನೇ ಕತ್ತರಿಸಿ ತೆಗೆಯಬೇಕಿತ್ತು. ವಿಷವಿಲ್ಲದ ಕೆಂಪು ರಂಜಕದ ಕಡ್ಡಿ ಆಗಲೇ ಇತ್ತು, ಪೊಟ್ಟಣದ ಪಟ್ಟಿಗೆ ಉಜ್ಜಿ ಹೊತ್ತಿಸುವ ಇಂದಿನ ಕಡ್ಡಿ ಅದೇ. 1850ರ ದಶಕದಲ್ಲೇ ಸ್ವೀಡನ್ನಿನವರಿಂದ ಅದರ ಹಕ್ಕು ಪಡೆದಿದ್ದ ಈ ಕಂಪನಿ ಎರಡನ್ನೂ ತಯಾರಿಸುತ್ತಿತ್ತು. ಅಗ್ಗದ್ದನ್ನು ಜನ ಕೊಳ್ಳುತ್ತಿದ್ದರು, ಆದ್ದರಿಂದ ಬಿಡಲಿಲ್ಲ.

ಮೂರನೆಯ ದಿನ: ಫ್ಲೀಟ್ ಸ್ಟ್ರೀಟಿನವರೆಗೆ

ಮತ್ತೆ ಅದೇ 25ನೇ ಸಂಖ್ಯೆಯ ಬಸ್, ಈ ಸಲ ಪೂರ್ತಿ ಪಶ್ಚಿಮಕ್ಕೆ. ಮೈಲ್ ಎಂಡ್, ವೈಟ್‌ಚಾಪೆಲ್, ಆಲ್ಡ್‌ಗೇಟ್ ದಾಟಿ ನಗರದ ಹಣಕಾಸಿನ ಕೇಂದ್ರಕ್ಕೆ ಬರುತ್ತದೆ. ಮೇಲಂತಸ್ತಿನ ಮುಂದಿನ ಸೀಟಿನಲ್ಲಿ ಕುಳಿತು, ಈ ದಾರಿಯನ್ನು 1888ರ ಜುಲೈ 6ರಂದು ಸುಮಾರು 200 ಹುಡುಗಿಯರು ನಡೆದೇ ಬಂದರು ಎಂಬುದನ್ನು ನೆನೆದುಕೊಂಡೆ. ಆರು ಕಿಲೋಮೀಟರಿಗೂ ಹೆಚ್ಚಿನ ದಾರಿ. ಸೇಂಟ್ ಪಾಲ್ಸ್ ಬಳಿ ಇಳಿದು ಫ್ಲೀಟ್ ಸ್ಟ್ರೀಟಿಗೆ ನಡೆದೆ, ಅಲ್ಲಿಂದ ನದಿಯ ಕಡೆಗೆ ಇಳಿಯುವ ಬೂವರಿ ಸ್ಟ್ರೀಟಿಗೆ. ಇಕ್ಕಟ್ಟಾದ ಬೀದಿ, ಎರಡೂ ಕಡೆ ಕಚೇರಿಗಳು. ಪತ್ರಿಕೆಗಳು ಇಲ್ಲಿಂದ ಹೋಗಿ ಬಹಳ ಕಾಲವಾಯಿತು. ಬೆಸೆಂಟರ ಪತ್ರಿಕೆಯ ಕಚೇರಿ ಇದ್ದದ್ದು ಇಲ್ಲೇ.

ಇಲ್ಲಿ ನಿಂತು ನಾನು ನನ್ನದೇ ಒಂದು ತಪ್ಪನ್ನು ತಿದ್ದಿಕೊಳ್ಳಬೇಕಾಯಿತು. ಬೆಸೆಂಟ್ ಮುಂದಾಳಾಗಿ ಹುಡುಗಿಯರನ್ನು ಹೊರಗೆ ಕರೆತಂದರು ಎಂದೇ ನಾನು ತಿಳಿದಿದ್ದೆ, ಊರಿನಲ್ಲಿ ಗೆಳತಿಯರಿಗೂ ಹಾಗೆಯೇ ಹೇಳಿದ್ದೆ. ನಡೆದದ್ದು ಹಾಗಲ್ಲ. ಬೆಸೆಂಟ್ ಕರೆ ಕೊಟ್ಟದ್ದು ಈ ಕಂಪನಿಯ ಕಡ್ಡಿ ಕೊಳ್ಳಬೇಡಿ ಎಂದು, ಮುಷ್ಕರ ಮಾಡಿ ಎಂದಲ್ಲ. ಲೇಖನ ಬಂದ ಮೇಲೆ ಕಂಪನಿಯವರು ಒಂದು ಕಾಗದ ಸಿದ್ಧಪಡಿಸಿ, ಪತ್ರಿಕೆಯಲ್ಲಿ ಬಂದದ್ದೆಲ್ಲ ಸುಳ್ಳು, ನಾವು ಸುಖವಾಗಿದ್ದೇವೆ ಎಂದು ಸಹಿ ಹಾಕಲು ಹುಡುಗಿಯರಿಗೆ ಹೇಳಿದರು. ಅವರು ಹಾಕಲಿಲ್ಲ. ಜುಲೈ ಆರಂಭದಲ್ಲಿ ಒಬ್ಬಳನ್ನು ಕೆಲಸದಿಂದ ತೆಗೆದರು. ಅವಳ ವಿಭಾಗದವರು ಎದ್ದರು, ಪಕ್ಕದ ವಿಭಾಗದವರು ಎದ್ದರು, ನೋಡನೋಡುತ್ತಿದ್ದಂತೆ ಕಾರ್ಖಾನೆ ಖಾಲಿಯಾಯಿತು. ಗಾಬರಿಯಾದ ಕಂಪನಿ ತೆಗೆದವಳನ್ನು ವಾಪಸ್ ಕರೆದರೂ ಅವರು ಒಳಗೆ ಹೋಗಲಿಲ್ಲ, ಹೊರಗೆ ಬಂದದ್ದೇ ಬಂದೆವು, ದಂಡದ ಮಾತೂ ಮುಗಿಯಲಿ ಎಂದರು.

ಈ ಬೀದಿಗೆ ಆ 200 ಮಂದಿ ಬಂದಾಗ ಬೆಸೆಂಟರಿಗೇ ಅಚ್ಚರಿ. ಎಲ್ಲರೊಡನೆ ಒಟ್ಟಿಗೆ ಮಾತನಾಡಲಾಗದು, ಕೆಲವರು ಮೇಲೆ ಬನ್ನಿ ಎಂದು ಹೇಳಿಕಳುಹಿಸಿದರು. ಸೇರಾ ಚಾಪ್‌ಮನ್, ಮೇರಿ ಕಮಿಂಗ್ಸ್, ಮೇರಿ ನಾಲ್ಸ್ ಮೆಟ್ಟಿಲು ಹತ್ತಿದರು. ಯಾಕೆ ಸಹಿ ಹಾಕಲಿಲ್ಲ ಎಂಬುದಕ್ಕೆ ಅವರು ಕೊಟ್ಟ ಉತ್ತರವನ್ನು ಬೆಸೆಂಟ್ ಆಮೇಲೆ ತಮ್ಮ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ. ನೀವು ನಮ್ಮ ಪರವಾಗಿ ಮಾತನಾಡಿದಿರಿ, ನಾವು ನಿಮ್ಮ ಕೈ ಬಿಡುವುದಿಲ್ಲ ಎಂಬುದು ಅದರ ತಾತ್ಪರ್ಯ. ನಾಲ್ಕು ಷಿಲಿಂಗಿನ ಕೂಲಿಯವರು ಪತ್ರಿಕೆಯ ಸಂಪಾದಕಿಗೆ ರಕ್ಷಣೆ ಕೊಟ್ಟರು!

ಇದರಿಂದ ಬೆಸೆಂಟರ ಹಿರಿಮೆ ಕುಗ್ಗುತ್ತದೆ ಎಂದು ನನಗೆ ಅನ್ನಿಸುವುದಿಲ್ಲ. ಅಂದಿನಿಂದ ಆಕೆ ದುಡಿದ ಬಗೆಯೇ ಸಾಕ್ಷಿ. ನಿಧಿ ಸಂಗ್ರಹಿಸಿದರು, ಮೈಲ್ ಎಂಡಿನ ಬಯಲಿನಲ್ಲಿ ಸಭೆ ನಡೆಸಿದರು, ಸುಮಾರು 400 ಪೌಂಡ್ ಕೂಡಿತು, ಹುಡುಗಿಯರ ಕೈಗೆ ಪಾಲು ಹೋಯಿತು. ಆದರೆ ಅಪ್ಪ ಹೇಳುತ್ತಿದ್ದ ಕಥೆಯಲ್ಲಿ ಹೆಸರು ಒಂದೇ ಇತ್ತು. ನನ್ನ ಪಾಠದಲ್ಲೂ ಹಾಗೆಯೇ.

ಮಧ್ಯಾಹ್ನ ನದಿಯ ದಂಡೆಯ ಮೇಲೆ ಸಂಸತ್ ಭವನದ ಕಡೆಗೆ ನಡೆದೆ. ಜುಲೈ 11ರಂದು ಹುಡುಗಿಯರ ತಂಡವೊಂದು ಅಲ್ಲಿಗೆ ಹೋಗಿ ಸಂಸದರ ಮುಂದೆ ತಮ್ಮ ಪಾಡು ಹೇಳಿಕೊಂಡಿತು. ಲಂಡನ್ನಿನ ಕಾರ್ಮಿಕ ಸಂಘಗಳ ಮಂಡಳಿ ಮಧ್ಯಸ್ಥಿಕೆಗೆ ಬಂತು. ಎರಡು ವಾರ ತುಂಬುವ ಮೊದಲೇ, ಜುಲೈ 17ರಂದು ಒಪ್ಪಂದವಾಯಿತು. ದಂಡ ರದ್ದು, ಅನ್ಯಾಯದ ಕಡಿತ ರದ್ದು, ದೂರುಗಳು ಮೇಸ್ತ್ರಿಯ ಕೈ ದಾಟಿ ನೇರವಾಗಿ ವ್ಯವಸ್ಥಾಪಕರಿಗೆ, ಮುಷ್ಕರ ಮಾಡಿದವರೆಲ್ಲರಿಗೂ ಕೆಲಸ ವಾಪಸ್, ತಿಂಡಿಗೆ ಬೇರೆ ಕೋಣೆ. ಈ ಕೊನೆಯದು ಓದುವಾಗ ಸಣ್ಣದೆಂದು ತೋರುತ್ತದೆ. ಬ್ರೆಡ್ಡಿನ ಮೇಲೆ ರಂಜಕ ಕೂರದಂತೆ ತಿನ್ನುವ ಹಕ್ಕು ಅದು. ಅದೇ ತಿಂಗಳ 27ರಂದು ಅವರ ಸಂಘ ಹುಟ್ಟಿತು, ಬೆಸೆಂಟ್ ಕಾರ್ಯದರ್ಶಿಯಾದರು. ಈ ಹುಡುಗಿಯರಲ್ಲಿ ಎಷ್ಟೋ ಮಂದಿ ಐರಿಷ್ ಮನೆತನದವರು, ಥೇಮ್ಸ್ ಬಂದರಿನ ಹಮಾಲಿಗಳ ಹೆಂಡತಿ, ಮಗಳು, ತಂಗಿಯರು. ಮರುವರ್ಷ ಆಗಸ್ಟಿನಲ್ಲಿ ಬಂದರಿನ ಕೂಲಿಗಳು ಗಂಟೆಗೆ ಆರು ಪೆನ್ಸ್ ಕೇಳಿ ಮುಷ್ಕರ ಹೂಡಿ ಗೆದ್ದರು.

ನಾಲ್ಕನೆಯ ದಿನ: ಮಳೆಯಲ್ಲಿ ಓಲ್ಡ್ ಫೋರ್ಡ್

ಬೆಳಗಿನಿಂದ ಜಿಟಿಜಿಟಿ ಮಳೆ. ಬೋಗೆ ಅಂಟಿಕೊಂಡ ಓಲ್ಡ್ ಫೋರ್ಡಿನ ಲ್ಯಾಂಪ್ರೆಲ್ ಸ್ಟ್ರೀಟ್ ಹುಡುಕಿಕೊಂಡು ಹೋದೆ. 1891ರಲ್ಲಿ ಸಾಲ್ವೇಷನ್ ಆರ್ಮಿ ಎಂಬ ಕ್ರೈಸ್ತ ಸೇವಾ ಸಂಸ್ಥೆಯವರು ಇಲ್ಲಿ ತಮ್ಮದೇ ಬೆಂಕಿಕಡ್ಡಿ ಕಾರ್ಖಾನೆ ತೆರೆದಿದ್ದರು. ಕೆಂಪು ರಂಜಕ ಮಾತ್ರ, ಕೂಲಿಯೂ ಹೆಚ್ಚು. ಬೇರೆ ಕಡೆ ಒಂದು ಗ್ರೋಸ್, ಅಂದರೆ 144 ಪೊಟ್ಟಣಕ್ಕೆ ಎರಡು ಪೆನ್ಸಿಗಿಂತ ಸ್ವಲ್ಪ ಹೆಚ್ಚು ಸಿಗುತ್ತಿದ್ದಾಗ ಇಲ್ಲಿ ನಾಲ್ಕು ಪೆನ್ಸ್. ಬೆಲೆ ಜಾಸ್ತಿಯಾದ್ದರಿಂದ ವ್ಯಾಪಾರ ಬಹಳ ಕಾಲ ನಿಲ್ಲಲಿಲ್ಲ. ಈಗ ಅಲ್ಲಿ ನೋಡಲು ಏನೂ ಉಳಿದಿಲ್ಲ. ಕೊಡೆ ಹಿಡಿದು ಬೀದಿಯ ಆ ತುದಿಯಿಂದ ಈ ತುದಿಗೆ ನಡೆದು, ಮೂಲೆಯ ಅಂಗಡಿಯಲ್ಲಿ ಚಹಾ ಕುಡಿದೆ. ಕೇಳಿದಾಗ ಅಂಗಡಿಯಾತ ಒಂದು ಬೆಂಕಿಪೊಟ್ಟಣ ತೆಗೆದುಕೊಟ್ಟ.

ಆ ಪೊಟ್ಟಣವನ್ನು ಮೇಜಿನ ಮೇಲಿಟ್ಟುಕೊಂಡು ಬಹಳ ಹೊತ್ತು ಕುಳಿತಿದ್ದೆ. ಮುಷ್ಕರ ಗೆದ್ದಿತು ಎಂದು ನಿನ್ನೆ ಸಂಭ್ರಮಿಸಿದ ಮನಸ್ಸಿಗೆ ಇಂದು ತಡೆಯಾಗಿದ್ದು ಇದು: ಗೆದ್ದವರು ಮತ್ತೆ ಹೋಗಿ ನಿಂತದ್ದು ಅದೇ ಬಿಳಿ ರಂಜಕದ ಮುಂದೆ. ಒಪ್ಪಂದದ ಹತ್ತು ವರ್ಷದ ಮೇಲೆ, 1898ರಲ್ಲಿ, ದವಡೆ ಕೊಳೆತ 17 ಪ್ರಕರಣಗಳನ್ನು ಸರ್ಕಾರಕ್ಕೆ ತಿಳಿಸದೆ ಮುಚ್ಚಿಟ್ಟದ್ದಕ್ಕೆ ಕಂಪನಿ ನ್ಯಾಯಾಲಯದಲ್ಲಿ ತಪ್ಪಿತಸ್ಥವಾಯಿತು. ದಂಡ, ಖರ್ಚು ಎಲ್ಲ ಸೇರಿ 25 ಪೌಂಡಿಗೆ ಸ್ವಲ್ಪ ಹೆಚ್ಚು. ಸುಟ್ಟ ಕಡ್ಡಿಗೆ ಹುಡುಗಿಯಿಂದ ಕಿತ್ತುಕೊಂಡ ಒಂದು ಷಿಲಿಂಗ್ ಅವಳ ವಾರದ ಕೂಲಿಯ ಕಾಲು ಭಾಗ. ಕೊಳೆತ ದವಡೆಗಳಿಗೆ ಕಂಪನಿ ತೆತ್ತದ್ದು ತಲೆಗೆ ಒಂದೂವರೆ ಪೌಂಡ್. ನನಗೆ ಇನ್ನೂ ಆ ಲೆಕ್ಕ ನುಂಗಲಾಗಿಲ್ಲ.

ಫ್ರಾನ್ಸಿನ ಇಬ್ಬರು ರಸಾಯನಶಾಸ್ತ್ರಜ್ಞರು ಅದೇ ವರ್ಷ ರಂಜಕ ಮತ್ತು ಗಂಧಕ ಕೂಡಿದ ನಿರಪಾಯದ ಸಂಯುಕ್ತವನ್ನು ಬಳಕೆಗೆ ತಂದ ಮೇಲೆಯೇ, 1901ರಲ್ಲಿ, ಬೋ ಕಾರ್ಖಾನೆ ಬಿಳಿ ರಂಜಕ ಬಿಟ್ಟಿತು. 1906ರಲ್ಲಿ ಬರ್ನ್ ನಗರದಲ್ಲಿ ಹಲವು ದೇಶಗಳು ಅದನ್ನು ನಿಷೇಧಿಸಲು ಒಪ್ಪಿದವು, ಬ್ರಿಟನ್ನಿನ ಕಾನೂನು 1908ರಲ್ಲಿ ಬಂತು, ಭಾರತದಲ್ಲಿ 1913ರಲ್ಲಿ. ನನ್ನ ಅಜ್ಜಿ ಒಲೆ ಹೊತ್ತಿಸಲು ಕಲಿತ ಕಾಲ ಅದು. ಆಕೆ ಒಂದು ಕಡ್ಡಿಯನ್ನೂ ವ್ಯರ್ಥ ಮಾಡಲು ಬಿಡುತ್ತಿರಲಿಲ್ಲ. ಪಕ್ಕದ ಮನೆಯ ಒಲೆಯಿಂದ ಕೆಂಡ ತರಿಸುತ್ತಿದ್ದರೇ ಹೊರತು ಹೊಸ ಕಡ್ಡಿ ಗೀರುತ್ತಿರಲಿಲ್ಲ.

ಐದನೆಯ ದಿನ: ಹೆಸರುಗಳು

ಕೊನೆಯ ದಿನ ಹಾಲೊವೇ ರಸ್ತೆಯಲ್ಲಿರುವ ಲಂಡನ್ ಮೆಟ್ರೊಪಾಲಿಟನ್ ವಿಶ್ವವಿದ್ಯಾಲಯಕ್ಕೆ ಹೋದೆವು. ಬ್ರಿಟನ್ನಿನ ಕಾರ್ಮಿಕ ಸಂಘಗಳ ಗ್ರಂಥಸಂಗ್ರಹ ಅಲ್ಲಿದೆ, ಮೊದಲೇ ಪತ್ರ ಬರೆದು ಸಮಯ ಗೊತ್ತುಮಾಡಿಕೊಳ್ಳಬೇಕು. ಮಗಳು ರಜೆ ಹಾಕಿ ಜೊತೆಗೆ ಬಂದಳು. ಮೊದಲ ದಿನ ಏನಿದೆ ಅಲ್ಲಿ ಎಂದು ಕೇಳಿದವಳು, ಈ ದಿನ ನನಗಿಂತ ಮೊದಲೇ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದಳು.

ಅಲ್ಲಿ ಉಳಿದಿರುವುದು ಮುಷ್ಕರ ನಿಧಿಯ ದಾಖಲೆ. ಯಾರ್ಯಾರಿಗೆ ಹಣ ಹಂಚಿದರು ಎಂದು ಹೆಸರು, ವಿಳಾಸ ಸಮೇತ ಕೈಬರಹದಲ್ಲಿ ಬರೆದಿಟ್ಟ ಪಟ್ಟಿ. ಬೋ, ಬ್ರೋಮ್ಲಿ, ಪಾಪ್ಲರ್, ಓಲ್ಡ್ ಫೋರ್ಡ್ ಎಂದು ಓದುತ್ತಾ ಹೋದಂತೆ ನಾಲ್ಕು ದಿನ ನಾನು ನಡೆದಾಡಿದ ಬೀದಿಗಳಲ್ಲಿ ಜನ ತುಂಬಿಕೊಂಡರು. ಒಂದೇ ಮನೆಯ ವಿಳಾಸದಲ್ಲಿ ಅಕ್ಕತಂಗಿಯರು ಸಾಲಾಗಿ ಬಂದಾಗ ಮಗಳು ಬೆರಳಿಟ್ಟು ತೋರಿಸುತ್ತಿದ್ದಳು.

ಮುಷ್ಕರ ಸಮಿತಿಯಲ್ಲಿದ್ದ ಎಂಟು ಮಂದಿಯಲ್ಲಿ ಸೇರಾ ಚಾಪ್‌ಮನ್ ಕಥೆ ಮಾತ್ರ ಸ್ವಲ್ಪ ಹೆಚ್ಚು ತಿಳಿದಿದೆ. 1862ರಲ್ಲಿ ಮೈಲ್ ಎಂಡಿನಲ್ಲಿ ಹುಟ್ಟಿದವಳು, ಅವಳ ತಾಯಿ ಮತ್ತು ಅಕ್ಕನೂ ಅದೇ ಕಾರ್ಖಾನೆಯ ಕೆಲಸಗಾರ್ತಿಯರು. ಮುಷ್ಕರದ ಮೂರು ವರ್ಷದ ಮೇಲೆ ಮದುವೆಯಾಗಿ ಸಂಸಾರ ಹೂಡಿದಳು. 1945ರಲ್ಲಿ, ಎರಡನೆಯ ಮಹಾಯುದ್ಧ ಮುಗಿದ ವರ್ಷ, ಎಂಬತ್ತಮೂರನೆಯ ವಯಸ್ಸಿನಲ್ಲಿ ತೀರಿಕೊಂಡಾಗ ಮ್ಯಾನರ್ ಪಾರ್ಕ್ ಸ್ಮಶಾನದಲ್ಲಿ ಬಡವರ ಸಾಮೂಹಿಕ ಗುಂಡಿಯಲ್ಲಿ ಹೂಳಿದರು. ಅದು ಎಲ್ಲಿದೆಯೆಂದು ಹುಡುಕಿ ಪತ್ತೆಹಚ್ಚಿದವರು ಅವಳ ವಂಶದವರೇ, ಏಳು ದಶಕಗಳ ನಂತರ.

ನನ್ನ ಟಿಪ್ಪಣಿ ಪುಸ್ತಕ ತೆರೆದು ಕನ್ನಡದಲ್ಲೇ ಬರೆಯತೊಡಗಿದೆ. ಸೇರಾ ಚಾಪ್‌ಮನ್. ಮೇರಿ ಕಮಿಂಗ್ಸ್. ಮೇರಿ ನಾಲ್ಸ್. ಮೇರಿ ಡ್ರಿಸ್ಕಾಲ್. ಆಲಿಸ್ ಫ್ರಾನ್ಸ್. ಕೇಟ್ ಸ್ಲೇಟರ್. ಜೇನ್ ವೇಕ್ಲಿಂಗ್. ಎಲೈಜಾ ಮಾರ್ಟಿನ್. ಎಂಟು ಹೆಸರು ಮುಗಿದ ಮೇಲೂ ಪೆನ್ನು ನಿಲ್ಲಿಸಲು ಮನಸ್ಸಾಗಲಿಲ್ಲ. ದಾಖಲೆಯ ಮೊದಲ ಹಾಳೆಗೆ ಹೋಗಿ ಮೇಲಿನಿಂದ ಶುರುಮಾಡಿದೆ. ಮಗಳು ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು, "ನಾನು ಓದುತ್ತೇನಮ್ಮಾ, ನೀನು ಬರೆದುಕೋ" ಎಂದಳು. ಗ್ರಂಥಾಲಯ ಮುಚ್ಚುವ ಹೊತ್ತಿಗೆ ಮೂರನೆಯ ಪುಟದ ಮಧ್ಯದಲ್ಲಿದ್ದೆವು.